ಬಿಸಿಲು ಇಳಿಯುವ ತನಕ

ರೀ,

ಎದ್ದವರು ಹೊಲದ ಕಡೆ ಹೊರಡಬೇಡಿ. ಉಳಿದ ಅನಾನಸ್ ಕೊಯ್ಯಲು ಪಕ್ಕದ ಮನೆ ಚೌಡಮ್ಮನ ಜೊತೆ ನಾನೇ ಹೋಗಿದ್ದೇನೆ. ಬಿಸಿಲೇರುವ ಮೊದಲೇ ಬರುತ್ತೇವೆ.

ನಿನ್ನೆ ಹೊಲದಲ್ಲಿ ಎಚ್ಚರ ತಪ್ಪಿ ಬಿದ್ದವರು, ಕಣ್ಣು ಬಿಟ್ಟ ಕೂಡಲೇ "ಏನೂ ಆಗಿಲ್ಲ ಬಿಡು, ನಾಳೆ ಕೊಯ್ಲು ಮುಗಸ್ತೀನಿ" ಅಂದಿರಿ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನೊಮ್ಮೆ ಹಿಂಗ ಬಿದ್ರ ಜೀವಕ್ಕ ಅಪಾಯ ಐತ್ರಿ" ಅಂದರು. ನಮ್ಮ ಬನವಾಸಿಯಲ್ಲಿ ಮಾರ್ಚಿನಲ್ಲೇ ಇಂಥ ಬಿಸಿಲನ್ನು ಯಾರು ಕಂಡಿದ್ದರು?

ಮಜ್ಜಿಗೆಗೆ ಉಪ್ಪು ಹಾಕಿಟ್ಟಿದ್ದೇನೆ. ಬಾಯಾರದಿದ್ದರೂ ಕುಡಿಯುತ್ತಿರಿ. ನಡುಮನೆಯಲ್ಲೇ ಮಲಗಿ, ಅಲ್ಲಿ ತಂಪಿದೆ.

ಬೈಕಿನ ಕೀಲಿ ನನ್ನ ಹತ್ತಿರ ಇದೆ. ನಡೆದುಕೊಂಡೂ ಬರಬೇಡಿ. ನಿನ್ನೆ ನಿಮ್ಮನ್ನು ಹೊತ್ತು ತಂದ ಚೌಡಮ್ಮನ ಮಗ ಉಲ್ಲಾಸ ಇವತ್ತು ಊರಲ್ಲಿಲ್ಲ. ನಮ್ಮಿಬ್ಬರ ಕೈಲಿ ನಿಮ್ಮನ್ನು ಎತ್ತಲು ಆಗುವುದಿಲ್ಲ.

ಶೈಲಾ