ಜರ್‌ಪಟ್ಟಿ ಹಾಕಿದ ಸೀರೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಮತ್ತೆ ಕುಸ್ತಿ. ನಾನು ಒಂದು ಕಡೆ, ಸೀರೆ ಒಂದು ಕಡೆ. ಸೀರೆಯೇ ಗೆದ್ದಿತು. ಎಡಗೈ ಎದೆಯಿಂದ ಮೇಲೆ ಏಳುವುದಿಲ್ಲ. ನೆರಿಗೆ ಹಿಡಿದರೆ ಸೆರಗು ಜಾರುತ್ತದೆ, ಸೆರಗು ಹಿಡಿದರೆ ನೆರಿಗೆ ಬಿಚ್ಚುತ್ತದೆ. ಕೊನೆಗೆ ಅದೇ ನೈಟಿ, ಮೇಲೊಂದು ಟವೆಲ್. ಆಪರೇಷನ್ ಆದಾಗಿನಿಂದ ಇದೇ ನನ್ನ ಯೂನಿಫಾರ್ಮ್. ಒಂದು ಎದೆ ಆಸ್ಪತ್ರೆಯವರಿಗೆ ಕೊಟ್ಟು ಬಂದೆ, ಜೊತೆಗೆ ಸೀರೆ ಉಡುವುದನ್ನೂ ಕೊಟ್ಟು ಬಂದೆ.

ಇವರು ಶಿಫ್ಟಿಗೆ ಹೊರಟವರು ಬಾಗಿಲಲ್ಲೇ ನಿಂತರು.

"ನಾನು ಉಡುಸ್ಲೇನೆ?"

"ಬ್ಯಾಡ ಬುಡಿ. ನೀವು ಉಡ್ಸಿದ್ರೆ ಮೂಟೆ ಕಟ್ಟಿದಂಗಿರ್ತದೆ. ಯಾರಾನ ಲಾರಿಗೆ ಹಾಕ್ಕೊಂಡು ಹೋಗ್ಬುಡ್ತಾರೆ."

ನಕ್ಕರು. ಗೇಟಿನ ಹತ್ತಿರ ಹೋಗಿ ಕಣ್ಣು ಒರೆಸಿಕೊಂಡರು. ನೋಡದವಳ ಹಾಗೆ ಇದ್ದೆ.

ಸಹನಾ ಮಾತ್ರ ಹತ್ತಿ ಸೀರೆ, ರವಿಕೆ ಬದಲು ಅವಳಪ್ಪನ ಹಳೆ ಶರ್ಟು, ಸೊಂಟಕ್ಕೆ ಬೆಲ್ಟು, ಕಾಲಿಗೆ ಕ್ಯಾನ್ವಾಸ್ ಶೂ. ಸ್ಕೂಟಿ ಹತ್ತಿ ಆಫೀಸಿಗೆ ಹೋದಳು. ನನ್ನ ಮಗಳು ಉಟ್ಟರೆ ಸೀರೆಗೂ ಲೈಸೆನ್ಸ್ ಬರುತ್ತದೆ.

ಮಾರ್ಚ್ 9, ಭಾನುವಾರ

ಗಂಡಿನ ಕಡೆಯವರು ಬಂದು ಹೋದರು. ಕೃಷ್ಣಗಿರಿ ಪಕ್ಕ ಮಾವಿನ ತೋಟ. ಅಪ್ಪ ದೊಡ್ಡವೆಂಕಟಪ್ಪ, ಅಮ್ಮ ಗೋವಿಂದಮ್ಮ, ಹುಡುಗ ನರೇಶ್. ಹುಡುಗ ಇಲ್ಲೇ ಹೊಸೂರಿನ ಕಂಪನಿಯೊಂದರಲ್ಲಿ ಕ್ವಾಲಿಟಿ ನೋಡುವ ಕೆಲಸದಲ್ಲಿದ್ದಾನೆ. ಒಳ್ಳೆಯವನ ಹಾಗೆ ಕಂಡ. ತಲೆ ಎತ್ತಿದ್ದು ಕಾಫಿಗೆ ಮಾತ್ರ.

ಪಕ್ಕದ ಮನೆ ಕೋಮಲಾ ಬಂದು ನನಗೆ ಸೀರೆ ಉಡಿಸಿದಳು. ಟೈಲರ್ ಅವಳು. ಎಲ್ಲಿ ನೋಡಿದರೂ ಪಿನ್ನು. ಉಸಿರು ಬಿಟ್ಟರೆ ಚುಚ್ಚುತ್ತಿತ್ತು.

ಗೋವಿಂದಮ್ಮ ನನ್ನ ತಲೆ ನೋಡಿದರು. ಕೀಮೋ ಮುಗಿದು ಈಗ ಮೊಳಕೆ ಬರುತ್ತಿದೆ.

"ಇದೇನು ಕಮ್ಲಮ್ಮ, ಕೂದ್ಲು?"

"ತಿರುಪ್ತಿ ಮುಡಿ ಅಕ್ಕ. ಮಗ್ಳಿಗೆ ಒಳ್ಳೆ ಸಂಬಂಧ ಬಂದ್ರೆ ಕೊಡ್ತೀನಿ ಅಂತ ಹರಕೆ. ನಾನು ಮೊದ್ಲೇ ಕೊಟ್ಬುಟ್ಟೆ. ಸ್ವಾಮಿ ನೀವು ಬರೋದು ನೋಡ್ಕೊಂಡಿದ್ದ."

ಎಲ್ಲರೂ ನಕ್ಕರು. ಇವರ ಲೋಟದಿಂದ ಕಾಫಿ ಚೆಲ್ಲಿತು. ನನ್ನ ಎಡಗೈ ಯಾಕೆ ಊದಿದೆ ಎಂದು ಗೋವಿಂದಮ್ಮ ಕೇಳಿದರು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದೆ.

ಹೋಗುವಾಗ ಗೋವಿಂದಮ್ಮ ಸಹನಾಳ ಕೆನ್ನೆ ಮುಟ್ಟಿದರು. "ಸೀರೆ ಉಟ್ಕೊಂಡು ಗಾಡಿ ಓಡುಸ್ತಾಳಂತಲ್ಲ. ನಮ್ಗೆ ಇಂತಾ ಮಗ್ಳೇ ಬೇಕಾಗಿದ್ದು."

ಅವರು ಹೋದ ಮೇಲೆ ಸಹನಾ ಲೋಟ ಎತ್ತಿಡುತ್ತಾ ಕೇಳಿದಳು.

"ಅಮ್ಮ, ನರೇಶ್‌ಗಾದ್ರೂ ಹೇಳ್ಬುಡ್ಲಾ?"

"ಮೊದ್ಲು ನೋಡೋಕ್ ಬಂದಿದ್ದ ಮಾಲೂರವ್ರಿಗೆ ನಿಜ ಹೇಳಿದ್ವಿ. ಏನಂದ್ರು? ತಾಯಿಗಿದ್ರೆ ಮಗ್ಳಿಗೂ ಬತ್ತದಂತೆ ಅಂತ ಫೋನ್ ಇಟ್ರು. ತಾಳಿ ಬೀಳೋವರ್ಗೂ ಬಾಯಿ ಮುಚ್ಕೊಂಡಿರು."

"ಆಮೇಲೆ?"

"ಆಮೇಲೆ ನಾನೇ ಹೇಳ್ತೀನಿ. ನಗ್ಸಿ ಹೇಳ್ತೀನಿ."

ಏಪ್ರಿಲ್ 22, ಮಂಗಳವಾರ

ಸೀರೆ ಜೊತೆಗಿನ ಕುಸ್ತಿಯಲ್ಲಿ ಕೋಮಲಾ ಗೆದ್ದಳು. ಮದುವೆಗೆ ತಂದ ಕೆಂಪು ರೇಷ್ಮೆಗೆ ಕತ್ತರಿ ಹಾಕಿಬಿಟ್ಟಳು. ನೆರಿಗೆ ಹಿಡಿದು ಹೊಲಿದಾಯ್ತು, ಸೊಂಟಕ್ಕೆ ಪಟ್ಟಿ ಇಟ್ಟಾಯ್ತು. ಲಂಗದ ಹಾಗೆ ಸುತ್ತಿ ಅಂಟಿಸಿಕೊಂಡರೆ ಸರಿ. ಸೆರಗು ಬೇರೆ ತುಂಡು. ಭುಜದ ಮೇಲೆ ರವಿಕೆಗೆ ಅಂಟಿಸುವುದು. ಪಿನ್ನಿಲ್ಲ, ಕೈ ಎತ್ತಬೇಕಾಗಿಲ್ಲ. ರವಿಕೆಯೊಳಗೆ ಎಡಗಡೆ ಹತ್ತಿಯ ಉಂಡೆ, ಬಟ್ಟೆ ಸುತ್ತಿ.

ಅವಳು ವೆಲ್ಕ್ರೋ ಎನ್ನುತ್ತಾಳೆ. ನಾನು ಜರ್‌ಪಟ್ಟಿ ಎನ್ನುತ್ತೇನೆ. ಬಿಚ್ಚಿದರೆ ಹಾಗೇ ಕೂಗುತ್ತದೆ.

ಬಲಗೈ ಒಂದರಲ್ಲೇ ಉಟ್ಟೆ. ಕನ್ನಡಿ ಮುಂದೆ ನಿಂತೆ. ಮುಂಚಿನ ಕಮಲಮ್ಮನೇ ನಿಂತಿದ್ದಳು. ನನಗಿಂತ ಮೊದಲು ಕೋಮಲಾ ಅತ್ತಳು. "ನೀನ್ಯಾಕೆ ಅಳ್ತೀಯೆ, ನಿಂಗೆ ಎರಡೂ ಅವಲ್ಲ" ಎಂದೆ. ಆಮೇಲೆ ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಇವರೂ ಅಂಗಡಿಯಿಂದ ಒಟ್ಟಿಕೋ ಪಂಚೆ, ಅಂದರೆ ಅಂಟಿಸಿಕೊಳ್ಳುವ ಪಂಚೆ ತಂದಿದ್ದಾರೆ. ಅದಕ್ಕೂ ಜರ್‌ಪಟ್ಟಿ, ಮೊಬೈಲ್ ಇಡಲು ಜೇಬು ಬೇರೆ. ಗಂಡ ಹೆಂಡತಿ ಇಬ್ಬರೂ ಅಂಟಿಸಿದ ಗಿರಾಕಿಗಳೇ.

ಮೇ 17, ಶನಿವಾರ. ಕೃಷ್ಣಗಿರಿ ಛತ್ರ

ರಿಸೆಪ್ಷನ್ ಚೆನ್ನಾಗಿ ಆಯಿತು. ಜರ್‌ಪಟ್ಟಿ ಅಲುಗಲಿಲ್ಲ. ಯಾರೋ ಹೆಂಗಸು ನೆರಿಗೆ ಎಷ್ಟು ನೀಟಾಗಿದೆ, ಹೇಗೆ ಉಟ್ಟೆ ಎಂದು ಕೇಳಿದಳು. ಉಸಿರು ಬಿಗಿ ಹಿಡಿದು ಎಂದೆ. ಬೆಳಿಗ್ಗೆ ಒಂದು ಮುಹೂರ್ತ ದಾಟಿಬಿಟ್ಟರೆ—

ಮೇ 24, ಶನಿವಾರ

ಬರೆಯಬೇಕು. ಬರೆದರೆ ಎದೆಯಿಂದ ಇಳಿಯುತ್ತದೋ ಏನೋ.

ಧಾರೆ ಎರೆಯುವ ಹೊತ್ತು. ನಾನು, ಇವರು ಪಕ್ಕಪಕ್ಕ. ಪುರೋಹಿತರು ನನ್ನ ಸೆರಗಿನ ತುದಿಯನ್ನು ಇವರ ಶಲ್ಯಕ್ಕೆ ಗಂಟು ಹಾಕಿದರು. ಯಾವ ಮದುವೆಯಲ್ಲೂ ಹಾಕುತ್ತಾರೆ. ಎಷ್ಟು ಮದುವೆಯಲ್ಲಿ ನಾನೇ ನಿಂತು ನೋಡಿಲ್ಲ? ಕೋಮಲಾನೂ ನೋಡಿದ್ದಾಳೆ. ಸೀರೆ ಹೊಲಿಯುವಾಗ ಮಾತ್ರ ಒಬ್ಬರಿಗೂ ನೆನಪಾಗಲಿಲ್ಲ.

"ಮುಂದಕ್ ಬನ್ನಿ ಜಯರಾಮಯ್ಯನೋರೆ" ಎಂದರು ಪುರೋಹಿತರು. ಇವರು ಬಿರ್ರನೆ ಎದ್ದು ಹೊರಟರು. ಗಂಟು ಗಟ್ಟಿಯಾಗಿತ್ತು.

ಜರ್ ಅಂತು. ಮೈಕು ಅಲ್ಲೇ ಇತ್ತು. ಇಡೀ ಛತ್ರಕ್ಕೆ ಕೇಳಿಸಿತು.

ಸೆರಗು ಇವರ ಹಿಂದೆ ಹೋಯಿತು. ಹಿಡಿಯಲು ಎಡಗೈ ಎತ್ತಲು ಹೋದೆ. ಎಲ್ಲಿ ಬರುತ್ತದೆ. ಆ ಎಳೆತಕ್ಕೆ ರವಿಕೆಯೊಳಗಿನ ಉಂಡೆ ಜಾರಿ ಹೊಟ್ಟೆಗೆ ಬಂತು. ಎದೆ ಒಂದು ಕಡೆ ಮೇಲೆ, ಒಂದು ಕಡೆ ಹಲಗೆ. ಎದುರಿಗೆ ಗೋವಿಂದಮ್ಮ, ಕೈಯಲ್ಲಿ ಅಕ್ಷತೆ. ನನ್ನ ಎದೆ ನೋಡಿದರು. ಆಮೇಲೆ ತಲೆ, ಆಮೇಲೆ ಕೈ. ಒಂದೊಂದಾಗಿ.

ಕೋಮಲಾ ಓಡಿ ಬಂದು ಟವೆಲ್ ಹೊದಿಸಿದಳು. ನಾನು ಜೋಕು ಹುಡುಕಿದೆ. ಬಾಯಿಗೆ ಒಂದೂ ಬರಲಿಲ್ಲ.

ಮದುವೆ ನಿಲ್ಲಲಿಲ್ಲ. ಗೋವಿಂದಮ್ಮನೇ ವಾಲಗದವರಿಗೆ ಬಾರಿಸಲು ಸನ್ನೆ ಮಾಡಿದರು. ತಾಳಿ ಬಿತ್ತು. ಊಟದ ಮನೆಯ ಹಿಂದೆ ನನ್ನನ್ನು ಕರೆದರು.

"ಯಾವಾಗಾಯ್ತು ಆಪ್ರೇಸನ್ನು?"

"ಹೋದ್ ವರ್ಷ, ಅಕ್ಕ."

"ನಮ್ಮಮ್ಮ ಅದ್ರಲ್ಲೇ ಹೋಗಿದ್ದು. ಹುಣ್ಣು ತೊಳ್ದಿದ್ದು ನಾನು. ಕೇಳಿದ್ರೆ ಒಪ್ಕೊಂತಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ. ಒಂದ್ ಮಾತು ನೀನು ಹೇಳ್ಬೇಕಾಗಿತ್ತು."

ಕಾಲು ಹಿಡಿಯಲು ಬಗ್ಗಿದೆ. ಹಿಂದಕ್ಕೆ ಸರಿದರು.

ಜೂನ್ 26, ಗುರುವಾರ

ಸಹನಾ ಬಂದಳು. ಆಷಾಢ ಶುರು. ಹೊಸ ಸೊಸೆ ಅತ್ತೆ ಮನೆಯಲ್ಲಿ ಇರುವ ಹಾಗಿಲ್ಲ, ತವರಿಗೆ ಕಳಿಸಿದ್ದಾರೆ. ಆಟೋದಲ್ಲಿ ಒಬ್ಬಳೇ. ಎರಡು ಸೂಟ್‌ಕೇಸು.

"ಒಂದ್ ತಿಂಗ್ಳಿಗೆ ಇಷ್ಟೊಂದಾ?"

"ಆಫೀಸಿಗೆ ದಿನಕ್ಕೊಂದು ಸೀರೆ ಬೇಡ್ವಾ ಅಮ್ಮ?"

ನಮ್ಮ ಸಂಪ್ರದಾಯ ಇಟ್ಟುಕೊಂಡಿದ್ದಾರೆ ಎಂದರೆ ಸಿಟ್ಟು ಇಳಿದಿದೆ ಎಂದೇ ಅರ್ಥ. ಆಷಾಢ ಮುಗಿದ ಮೇಲೆ ಹೊಸ ಸೀರೆ ತಂದು ಕರೆದುಕೊಂಡು ಹೋಗುತ್ತಾರೆ. ಇವತ್ತು ಎರಡು ಮುದ್ದೆ ತಿಂದೆ.

ಜುಲೈ 25, ಶುಕ್ರವಾರ

ಶ್ರಾವಣ ಬಂತು. ಒಬ್ಬಟ್ಟು ಮಾಡಿ ಕಾದೆ. ಯಾರೂ ಬರಲಿಲ್ಲ.

ಸಹನಾ ನಕ್ಕಳು. "ಅಮ್ಮ, ಅವ್ರು ಈ ಕಡೆಯವ್ರು ಕಣಮ್ಮ. ಅವ್ರಿಗೆ ತಮಿಳ್ರ ಆಡಿ ತಿಂಗ್ಳೇ ಲೆಕ್ಕ. ಅದು ಮುಗಿಯೋದು ಆಗಸ್ಟ್ ಹದ್ನಾರಕ್ಕೆ."

ಹೌದಲ್ಲ. ಹೊಸೂರಿಗೆ ಬಂದು ಇಷ್ಟು ವರ್ಷವಾಯಿತು, ಗೋಡೆಯ ಮೇಲೆ ಎರಡೂ ಕ್ಯಾಲೆಂಡರ್ ಇವೆ, ನನಗೆ ಹೊಳೆಯಲೇ ಇಲ್ಲ. "ನಿಮ್ಮತ್ತೆ ಭಾರಿ ಬುದ್ಧಿವಂತೆ ಬುಡು. ನಮ್ ಆಷಾಢಕ್ಕೆ ಕಳ್ಸಿ, ಅವ್ರ ಆಡಿ ಮುಗುದ್ಮೇಲೆ ಕರ್ಸ್ಕೊಂತಾಳೆ. ಸೊಸೆ ಊಟ ಉಳೀತು" ಎಂದೆ.

ಸಂಜೆ ತಾರಸಿಯ ಮೇಲೆ ನರೇಶ್ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಕೆಳಗೆ ಕೇಳುವ ಹಾಗೆ ನಗು.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಕೋಮಲಾ ಸೆರಗಿನ ಜರ್‌ಪಟ್ಟಿ ಕಿತ್ತು ಗಟ್ಟಿ ಹುಕ್ಕು ಹಾಕಿ ಕೊಟ್ಟಿದ್ದಳು. ಉಡಲಿಲ್ಲ. ಆ ಸೀರೆ ಮುಟ್ಟಿದರೆ ಮೈಕಿನ ಸದ್ದು ಕೇಳಿಸುತ್ತದೆ. ನೈಟಿಯಲ್ಲೇ ಅಡುಗೆ ಮಾಡಿದೆ. ಸಹನಾ ಒಬ್ಬಳೇ ಉಟ್ಟು ಪೂಜೆಗೆ ಕೂತಳು. ಸೊಂಟದ ಬೆಲ್ಟು ಒಳಗಿನ ತೂತಿಗೆ ಹೋಗಿದೆ. ಇಳಿದುಹೋಗಿದ್ದಾಳೆ. ಕೇಳಿದರೆ ಡಯೆಟ್ ಎನ್ನುತ್ತಾಳೆ.

ಆಗಸ್ಟ್ 17, ಭಾನುವಾರ. ಮಧ್ಯಾಹ್ನ

ಆಡಿ ನಿನ್ನೆ ಮುಗಿಯಿತು. ಸಹನಾ ಬಜಾರಿಗೆ ಹೋಗಿದ್ದಳು. ಇವರು ಡ್ಯೂಟಿ. ತಡೆಯಲಾಗದೆ ಗೋವಿಂದಮ್ಮನಿಗೆ ಫೋನ್ ಮಾಡಿದೆ.

"ಅಕ್ಕ, ಆಡಿ ಮುಗೀತು. ಮಗೂನ ಯಾವಾಗ ಕರ್ಕೊಂಡೋಗ್ತೀರಿ? ಇಲ್ಲ ನಾನೇ ತಂದು ಬುಟ್ಬುಡ್ಲಾ?"

ಆ ಕಡೆ ಟಿವಿ ಸದ್ದು ತಗ್ಗಿಸಿದರು.

"ಯಾವ ಆಡಿ, ಕಮ್ಲಮ್ಮ?"

"ಆಷಾಢ, ಆಡಿ... ಅದಕ್ಕೇ ಅಲ್ವಾ ಕಳ್ಸಿದ್ದು?"

"ನಾವು ಆಷಾಢಕ್ಕೆ ಕಳ್ಸಿಲ್ಲ. ಬಟ್ಟೆ ಎಲ್ಲಾ ಹಾಕಿ ಕಳ್ಸ್ಬುಟ್ವಿ. ನಿನ್ ಮಗ್ಳು ಹೇಳ್ಲಿಲ್ವಾ? ನರೇಶ ಅವ್ಳ ಜೊತೆ ಮಾತಾಡಿ ಎರಡು ತಿಂಗ್ಳಾಯ್ತು."

"ತಪ್ಪು ನಂದು ಅಕ್ಕ. ಅವ್ಳದೇನಿಲ್ಲ."

"ನೀನು ತಿರುಪ್ತಿ ಮುಡಿ ಅಂದಾಗ ಅವ್ಳೂ ಕಾಪಿ ತಟ್ಟೆ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ಲಲ್ಲಮ್ಮ."

ಬೈಯಲಿಲ್ಲ. ಬೈದಿದ್ದರೆ ಏನಾದರೂ ಹೇಳಬಹುದಿತ್ತು. ಉಷಾರಾಗಿರು, ಮಾತ್ರೆ ಬಿಡಬೇಡ ಎಂದು ಹೇಳಿ ಫೋನ್ ಇಟ್ಟರು.

ಹಾಗಾದರೆ ತಾರಸಿಯ ಮೇಲೆ ಯಾರ ಜೊತೆ ನಗುತ್ತಿದ್ದಳು?

ಸಂಜೆ

ಸಹನಾ ಬಂದಳು. ಚೀಲದ ತುಂಬ ತರಕಾರಿ, ತಲೆಯಲ್ಲಿ ಕನಕಾಂಬರ.

"ಅಮ್ಮ, ದಾರೀಲಿ ನರೇಶ್ ಫೋನ್ ಬಂದಿತ್ತು. ಈಗ ದಿನ ಚೆನ್ನಾಗಿಲ್ವಂತೆ. ಗಣೇಶನ ಹಬ್ಬ ಆದ್ಮೇಲೆ ಬತ್ತಾರಂತೆ."

ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನಗುತ್ತಲೇ ಹೇಳಿದಳು. ಥೇಟು ನನ್ನ ಹಾಗೇ.

"ಒಳ್ಳೇದೇ ಆಯ್ತು ಬುಡು. ಕಡುಬು ತಿಂದ್ಕೊಂಡೇ ಹೋಗು" ಎಂದೆ.

ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು. ಬಹಳ ಹೊತ್ತು ಹಾಗೇ ನೀರು ಬಿಟ್ಟುಕೊಂಡು ನಿಂತಿದ್ದಳು. ಈಗ ಕೂಗುತ್ತಿದ್ದಾಳೆ, ಬೇಳೆ ಎಷ್ಟು ಹಾಕಲಿ ಎಂದು. ಬಂದೆ ಕಣೆ ಎಂದೆ. ಏಳಬೇಕು. ಮುಖ ತೊಳೆದುಕೊಂಡು, ಒಂದು ಸಲ ಕನ್ನಡಿ ನೋಡಿಕೊಂಡು, ನಗು ಅಂಟಿಸಿಕೊಂಡು.