ಮೂರನೇ ಸಾಲಿನ ಒಂಬತ್ತು ಮಂದಿ

ಜೂನ್ 3, ಮಂಗಳವಾರ, ಬೆಳಗ್ಗೆ 7

ಮತ್ತೆ ನಗರಸಭೆಯ ಅದೇ ಸಮೀಕ್ಷೆ ಫಾರಂ. ಎಂಟು ಪುಟ. ಹೋದ ತಿಂಗಳು ವಾಚನಾಲಯ, ಅದರ ಹಿಂದಿನ ತಿಂಗಳು ವ್ಯಾಯಾಮಶಾಲೆ, ಈಗ ಗಿರಣಿ ಬ್ಯಾಂಡ್. ಗಿರಣಿ ಮುಚ್ಚಿ ಹತ್ತೊಂಬತ್ತು ವರ್ಷ, ಬ್ಯಾಂಡ್ ಉಳಿದಿದೆ. ಅವರು ಅಭ್ಯಾಸ ಮಾಡುವ ಹಾಲ್ ನಗರಸಭೆಯದು. ಉಳಿಸಬೇಕೋ, ಕೆಡವಿ ಪಾರ್ಕಿಂಗ್ ಮಾಡಬೇಕೋ — ನನ್ನ ವರದಿ ನೋಡಿ ತೀರ್ಮಾನ. ಕಾಲಂ 7: ತರಬೇತಿ ಪಡೆದ ಕಲಾವಿದರು, ಕನಿಷ್ಠ ಇಪ್ಪತ್ತು. ಅದಿದ್ದರೆ ಉಳಿದೀತು.

ಅಕ್ಕ ಟೀ ತಂದಿಟ್ಟು ಫಾರಂ ಇಣುಕಿದಳು. "ಇಪ್ಪತ್ತಾರು ವರ್ಷ ನ್ಯೂಸ್‌ಪೇಪರ್ ಆಫೀಸು, ಈಗ ಇದು. ಊದೋದು ಕೊಟ್ಟು ಬಾರಿಸೋದು ತಗೊಂಡ ಹಾಗಾಯ್ತು ನಿಂದು."

ಬೆನ್ನು ನೋವು. ಟೀ ಕುಡಿದು ಫಾರಂ ಮಡಚಿದೆ.

ಜೂನ್ 5, ಗುರುವಾರ

ಹಾಲ್ ನೋಡಿದೆ. ತಗಡಿನ ಮಾಡು. ಎರಡು ಫ್ಯಾನ್, ಒಂದು ತಿರುಗುತ್ತದೆ. ಬ್ಯಾಂಡ್ ಮಾಸ್ಟರು ಎಪ್ಪತ್ತರ ಹತ್ತಿರ. ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಕ್ಲಾರಿನೆಟ್. ಹಾಜರಿ ಪುಸ್ತಕದಲ್ಲಿ ಇಪ್ಪತ್ಮೂರು ಹೆಸರು. ನುಡಿಸುವಾಗ ಎಣಿಸಿದೆ. ಶಬ್ದ ಬರುವುದು ಮೊದಲ ಎರಡು ಸಾಲಿನಿಂದ ಮಾತ್ರ — ಹದಿನಾಲ್ಕು ಜನ. ಮೂರನೇ ಸಾಲಿನ ಒಂಬತ್ತು ಮಂದಿ ವಾದ್ಯ ಹಿಡಿದು ಸುಮ್ಮನೆ ಕೂತಿದ್ದಾರೆ. ಕೆನ್ನೆ ಕೂಡ ಉಬ್ಬುವುದಿಲ್ಲ.

"ಅವರ್ಯಾಕೆ ಊದ್ತಿಲ್ಲ ಮಾಸ್ಟರೇ?"

"ಬರಲ್ಲಮ್ಮ ಅವರಿಗೆ."

"ಕಲಿಸಬಾರದಾ?"

"ಆಸೆ ಪಟ್ರೆ ಕಲಿಸ್ತೀನಿ. ಇಷ್ಟು ವರ್ಷದಲ್ಲಿ ಒಬ್ರೂ ಪಟ್ಟಿಲ್ಲ." ನಕ್ಕರು.

ಇದು ಇಲ್ಲಿಯ ಪದ್ಧತಿಯಂತೆ, ಮಾಸ್ಟರೇ ಹೇಳಿದ್ದು. ಗಿರಣಿ ಮುಚ್ಚಿದಾಗ ನುಡಿಸುವವರು ಚೆದುರಿದರು, ವಾದ್ಯ ಉಳಿದವು. ಆಮೇಲೆ ಬಾಗಿಲೊಳಗೆ ಬಂದವರ ಕೈಗೆಲ್ಲ ಒಂದೊಂದು ವಾದ್ಯ. ಬರಿಗೈಲಿ ಕೂತವರನ್ನು 'ಇಲ್ಲೇನು ಕೆಲಸ' ಎಂದು ಯಾರಾದರೂ ಕೇಳುತ್ತಾರೆ. ವಾದ್ಯ ಹಿಡಿದವರನ್ನು ಕೇಳುವುದಿಲ್ಲ.

ಜೂನ್ 9, ಸೋಮವಾರ

ಮೂರನೇ ಸಾಲಿನವರನ್ನು ಮಾತಾಡಿಸಿದೆ. ಟೈಲರಮ್ಮ — ಬಸ್ ನಿಲ್ದಾಣದ ಎದುರು ಅಂಗಡಿ, ಗಂಡ ತೀರಿಕೊಂಡು ನಾಲ್ಕು ವರ್ಷ. ಮಡಿಲಲ್ಲಿ ಮಗುವಿನಷ್ಟು ದೊಡ್ಡ ಹಿತ್ತಾಳೆ ಕೊಂಬು. ಒರೆಸಿ ಒರೆಸಿ ಕನ್ನಡಿಯಾಗಿದೆ.

"ಸಂಜೆ ಆದ್ರೆ ಮನೆ ತಿನ್ನೋಕೆ ಬರುತ್ತೆ ಮೇಡಂ. ಇಲ್ಲಿ ಇದನ್ನ ಹಿಡ್ಕೊಂಡು ಕೂತ್ರೆ ಏಳು ಗಂಟೆ ತನಕ ಯಾರೂ 'ಹೇಗಿದ್ದೀಯಾ' ಅಂತ ಕೇಳಲ್ಲ. ಅಷ್ಟು ಸಾಕು."

ಪಕ್ಕದಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್. "ಕುಡಿಯೋದು ಬಿಟ್ಟು ಆರು ವರ್ಷ. ಬಾಯಿಗೆ ಏನಾದ್ರೂ ಬೇಕಲ್ಲ?" ಟ್ರಂಪೆಟ್ ಎತ್ತಿ ತೋರಿಸಿದರು.

ಇದೆಲ್ಲ ಯಾವ ಕಾಲಂ?

ಹೊರಡುವಾಗ ಟೈಲರಮ್ಮ, "ನಮ್ಮನ್ನೂ ಲೆಕ್ಕಕ್ಕೆ ತಗೋತೀರಾ?" ಎಂದರು. ದಣಿದಿದ್ದೆ. ಬಸ್ ಹಿಡಿಯಬೇಕಿತ್ತು. ಇದ್ದದ್ದನ್ನು ಹೇಳಿದೆ. "ಊದೋರನ್ನ ಮಾತ್ರ. ಇಪ್ಪತ್ತು ಜನ ಆದ್ರೆ ಹಾಲ್ ಉಳಿಯುತ್ತೆ." ಅವರು ತಲೆಯಾಡಿಸಿದರು.

ಜೂನ್ 13, ಶುಕ್ರವಾರ

ನಗರಸಭೆಯ ಸಾಹೇಬರಿಗೆ ಫೋನ್ ಮಾಡಿದೆ. "ಬರೀ ಕೂರೋಕೆ ಬರೋರನ್ನ ಎಲ್ಲಿ ಬರೀಲಿ ಸಾರ್?"

"ಕೂರೋಕೆ ಪಾರ್ಕ್ ಇದೆಯಲ್ಲಮ್ಮ!"

20ನೇ ತಾರೀಕು ಖುದ್ದು ಬಂದು ನೋಡುತ್ತಾರಂತೆ. ಮಾಸ್ಟರಿಗೆ ಹೇಳಿದೆ. ಬೇಕಾದರೆ ಇಪ್ಪತ್ಮೂರು ಎಂದೇ ಬರೆಯುತ್ತೇನೆ, ಹಾಜರಿ ಪುಸ್ತಕ ಇದೆಯಲ್ಲ ಎಂದೂ ಹೇಳಿದೆ. ಪೇಪರಿನ ಇಪ್ಪತ್ತಾರು ವರ್ಷದಲ್ಲಿ ಯಾರಿಗೂ ಹೀಗೆ ಹೇಳಿದವಳಲ್ಲ.

"ಬೇಡಮ್ಮ. ನಾನೇ ಸುಳ್ಳು ನುಡಿಸಿದ್ರೆ ಇವರಿಗೆ ಸ್ವರ ಹೇಗೆ ತಿದ್ದಲಿ?"

ಜೂನ್ 20, ಶುಕ್ರವಾರ, ಸಂಜೆ 7

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಸಾಹೇಬರು ಐದೂ ನಲವತ್ತಕ್ಕೆ ಬಂದರು. ಬ್ಯಾಂಡ್ ಶುರುವಾಯಿತು. ಚೆನ್ನಾಗಿತ್ತು. ಸಾಹೇಬರ ಕಾಲು ತಾಳ ಹಾಕುತ್ತಿತ್ತು, ನಾನೇ ನೋಡಿದೆ. ಎರಡನೇ ಸುತ್ತಿಗೆ ಮೂರನೇ ಸಾಲು ಊದಿತು. ಒಂಬತ್ತೂ ಜನ, ಒಟ್ಟಿಗೆ. ಎಮ್ಮೆ ಹಿಂಡು ಹಾಲ್‌ಗೆ ನುಗ್ಗಿದ ಹಾಗೆ. ಟೈಲರಮ್ಮ ಕಣ್ಣು ಮುಚ್ಚಿದ್ದರು, ಕತ್ತಿನ ನರ ಉಬ್ಬಿತ್ತು. ಮೊದಲ ಸಾಲು ದಾರಿ ತಪ್ಪಿತು. ಡ್ರಮ್ಮಿನವರು ಕೋಲು ಕೆಳಗಿಟ್ಟರು. ಸಾಹೇಬರು ಕಿವಿ ಮುಚ್ಚಿಕೊಂಡರು.

ಎಲ್ಲ ನಿಂತ ಮೇಲೆ ಪೋಸ್ಟ್‌ಮ್ಯಾನ್, ಏದುಸಿರು ಬಿಡುತ್ತ — "ಎಣಿಸ್ಕೊಂಡ್ರಾ ಮೇಡಂ? ಇಪ್ಪತ್ಮೂರು ಆಯ್ತಲ್ಲ?"

ಮಾಸ್ಟರು ನನ್ನ ಕಡೆ ನೋಡಿದರು. "ಊದೋರು ಮಾತ್ರ ಲೆಕ್ಕ ಅಂತ ನಾನೇ ಹೇಳಿದ್ದು ಮಾಸ್ಟರೇ. ತಪ್ಪು ನಂದು." ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಮೂರನೇ ಸಾಲಿನ ಕಡೆ ತಿರುಗಿ, "ಉಸಿರು ಹೊಟ್ಟೆಯಿಂದ ಬರ್ಬೇಕು, ಗಂಟಲಿಂದ ಅಲ್ಲ. ನಾಳೆ ಸ್ವಲ್ಪ ಬೇಗ ಬನ್ನಿ" ಎಂದರು. ಅಷ್ಟೇ.

ಸಾಹೇಬರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಆ ಹದಿನಾಲ್ಕರ ಮೇಲೂ ಅನುಮಾನ ಬಂತು ನೋಡಿ. 'ಗುಣಮಟ್ಟ ಸಾಲದು' ಅಂತ ಬರ್ದು ಮುಗಿಸಿ."

ಜೂನ್ 23, ಸೋಮವಾರ

ಎರಡು ದಿನ ಮಲಗಿದ್ದೆ. ಜ್ವರವಲ್ಲ. ಸುಸ್ತು.

ಅಕ್ಕ ಹೊದಿಕೆ ಎಳೆದಳು. "ಸತ್ಯ ಹೇಳಿ ಕೆಟ್ಟೆ ಅಂತ ಮುಖ ಊದಿಸ್ಕೊಂಡಿದ್ದೀಯಾ? ನೀನು ಹೇಳಿದ್ದು ಅರ್ಧ ಸತ್ಯ ಕಣೇ. ಉಳಿದರ್ಧ ಬರೆಯೋಕೇನು ಧಾಡಿ?"

ಜೂನ್ 24, ಮಂಗಳವಾರ, ಬೆಳಗ್ಗೆ 9

ಕೊನೆಯ ದಿನ. ಹನ್ನೊಂದಕ್ಕೆ ಕೊಡಬೇಕು.

ಕಾಲಂ 7: ಹದಿನಾಲ್ಕು. ಅದರ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದು ಬರೆದೆ: ಊದಲು ಬಾರದಿದ್ದರೂ ಹಾಲ್ ಉಳಿಯಲೆಂದು ಊದಿದವರು — ಒಂಬತ್ತು. ಒಬ್ಬೊಬ್ಬರ ಕಸುಬು, ಎಷ್ಟು ವರ್ಷದಿಂದ ಬರುತ್ತಿದ್ದಾರೆ, ಯಾಕೆ. ಅವರವರ ಮಾತಿನಲ್ಲೇ. ನಾಲ್ಕು ಹಾಳೆ ಹೆಚ್ಚಾಯಿತು, ಪಿನ್ ಮಾಡಿದೆ. 20ರಂದು ಅವರು ಊದಿದ್ದು ಯಾರ ಮಾತಿನಿಂದ ಎಂಬುದನ್ನೂ ಬರೆದೆ.

ಸಾಹೇಬರಿಗೆ ಫೋನ್ ಮಾಡಿ ಹೇಳಿದೆ.

"ಅಂಥ ಕಾಲಂ ಇಲ್ಲಮ್ಮ. ಕಂಪ್ಯೂಟರ್ ತಗೊಳಲ್ಲ."

"ಕಂಪ್ಯೂಟರಿಗಲ್ಲ ಸಾರ್, ನಿಮಗೆ. ಎದುರು ಕೂತು ಓದಿ ಹೇಳ್ತೀನಿ. ಹತ್ತು ನಿಮಿಷ."

ಆ ಕಡೆ ಕಾಗದ ಮಗುಚಿದ ಸದ್ದು. ಆಮೇಲೆ, "ಬನ್ನಿ." ದನಿಯಲ್ಲಿ ಉತ್ಸಾಹವೇನಿಲ್ಲ. ನನ್ನಲ್ಲೂ ಇಲ್ಲ.

ಹತ್ತೂ ಕಾಲರ ಬಸ್ಸು. ಮೊದಲು ಯಾರದು ಓದಲಿ? ಟೈಲರಮ್ಮನದು ಬೇಡ, ನಡುವೆ ನನ್ನ ದನಿ ಕೈಕೊಟ್ಟೀತು. ಪೋಸ್ಟ್‌ಮ್ಯಾನ್‌ದು ಓದಿದರೆ ಸಾಹೇಬರು ನಗಬಹುದು. ನಕ್ಕರೆ ಒಳ್ಳೆಯದೇ, ಆಮೇಲೆ ಕೇಳಿಸಿಕೊಳ್ಳುತ್ತಾರೆ. ಇಲ್ಲ, ಆ ಒಂಬತ್ತು ಮಂದಿಯ ಮಾತಿಗಿಂತ ಮೊದಲು ನಾನು ಹೇಳಬೇಕಾದ್ದು — ಅವರು ಊದಿದ್ದು ನನ್ನ ಮಾತಿನಿಂದ ಎಂದು.