ಬಾರೆ ಎಂದರೆ ಬಾಳೆ

ಪ್ರೀತಿಯ ಮಾಮಿ,

ಅತ್ತೆಗೆ ಪ್ರೀತಿ ಗೀತಿ ಎಂದು ಬರೆಯುವ ಸೊಸೆಯನ್ನು ಕಂಡರೆ ನೀವು ಮೂಗು ಮುರಿಯುತ್ತಿದ್ದಿರಿ. ಮುರಿಯಿರಿ, ಅಡ್ಡಿಯಿಲ್ಲ. ಒಂದು ಸುದ್ದಿ ಉಂಟು, ಅದನ್ನು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಬನ್ಸಿನ ಹೆಸರು ನಿಮಗೆ ಮರೆತುಹೋದ ಆ ಬೆಳಿಗ್ಗೆ ನೆನಪಿದೆಯೇ? ಪುತ್ತಿಗೆಯ ನಮ್ಮ ಹೋಟೆಲಿನ ಕ್ಯಾಶಿನಲ್ಲಿ ಕೂತು ನೀವು ಅಡುಗೆಮನೆಗೆ ಕೂಗಿದಿರಿ: "ಎರಡು ಅದು... ಅದು ಮಾರಾಯ್ತಿ, ಉಬ್ಬಿದ್ದು!" ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಚಟ್ನಿ 'ಅದು' ಆಯಿತು, ಚಮಚ 'ಅದು' ಆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಹೋಟೆಲಿನಲ್ಲಿ 'ಅದು' ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. ಆದರೆ ಯಾರ ಚಾಕ್ಕೆ ಸಕ್ಕರೆ ಬೇಡ, ಯಾರು ಜ್ವರ ಬಂದು ನಿನ್ನೆ ಮನೆಯಲ್ಲೇ ಮಲಗಿದ್ದರು ಎಂಬುದೆಲ್ಲ ನಿಮಗೆ ಸರಿಯಾಗಿ ಗೊತ್ತಿತ್ತು. ಹೇಳುವುದಕ್ಕೆ ಮಾತ್ರ...

ಒಂದು ದಿನ ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿ ಕಾರಿನಲ್ಲಿ ಬರುತ್ತಿದ್ದೆವು. ಮೆದುಳಿನಲ್ಲಿ ಮಾತಿನ ಭಾಗ ಸವೆಯುತ್ತಾ ಇದೆ, ಇನ್ನೂ ಸವೆಯುತ್ತದೆ, ಹೋದ ಮಾತನ್ನು ಹಿಂದೆ ತರುವ ಮದ್ದಿಲ್ಲ ಎಂದು ಡಾಕ್ಟರು ಹೇಳಿದ್ದರು. ಗುರುಪುರ ದಾಟಿದ ಮೇಲೆ ನಿಮ್ಮ ಮಗ ಬಾಯಿಬಿಟ್ಟರು. "ಇನ್ನು ಅಮ್ಮನನ್ನು ಕ್ಯಾಶಿನಲ್ಲಿ ಕೂರಿಸುವುದು ಬೇಡ. ಜನ ನಗಾಡ್ತಾರೆ. ಅವರಿಗೆ ಹೇಗೂ ಏನೂ ಗೊತ್ತಾಗುವುದಿಲ್ಲ." ಹಿಂದಿನ ಸೀಟಿನಲ್ಲಿ ನೀವು ನನ್ನ ಕೈ ಹಿಡಿದು ಒತ್ತಿದಿರಿ, ಬಳೆ ಚುಚ್ಚುವಷ್ಟು ಗಟ್ಟಿಯಾಗಿ. ಏನೂ ಗೊತ್ತಾಗದವರು ಹಾಗೆ ಒತ್ತುತ್ತಾರೆಯೇ? ಆ ಕುರ್ಚಿ ಹೋದರೆ ಮನೆಯ ಮೂಲೆಯಲ್ಲಿ ಹೊತ್ತಿಗೆ ಅನ್ನ ಹಾಕಿಸಿಕೊಳ್ಳುವುದಷ್ಟೇ ನಿಮ್ಮ ಪಾಲಿಗೆ ಉಳಿಯುತ್ತಿತ್ತು. ಬಿಟ್ಟುಕೊಡುವುದಿಲ್ಲ ಎಂದು ನಾನು ಅಲ್ಲೇ ನಿಶ್ಚಯ ಮಾಡಿದೆ.

ಮೂಡುಬಿದಿರೆಯಲ್ಲಿ ಮಾತಿನ ಚಿಕಿತ್ಸೆ ಮಾಡುವ ಸಹನಾಳ ಎದುರು ನಿಮ್ಮನ್ನು ಕೂರಿಸಿದ ದಿನವನ್ನು ನಾನು ಸಾಯುವವರೆಗೆ ಮರೆಯಲಾರೆ. ಅವಳು ಮಂಡ್ಯದ ಕಡೆಯವಳು, ಕೆಲಸಕ್ಕೆಂದು ಹೊಸದಾಗಿ ಬಂದವಳು. ಚಿತ್ರ ತೋರಿಸಿ ಹೆಸರು ಕೇಳುವ ಪರೀಕ್ಷೆ. ಶಾಲೆಯಲ್ಲಿ ಕಲಿತ ಕನ್ನಡ ನಿಮ್ಮಿಂದ ಮೊದಲು ಹೋಗಿತ್ತು, ಮನೆಯ ತುಳು ಅಲ್ಲಲ್ಲಿ ಉಳಿದಿತ್ತು. ಬಾಳೆಗಿಡದ ಚಿತ್ರ ಬಂತು. ನಿಮ್ಮ ಮುಖ ಅರಳಿತು. "ಬಾರೆ!" ಎಂದಿರಿ. ಪಾಪ, ಆ ಹುಡುಗಿ ಎದ್ದು ನಿಮ್ಮ ಹತ್ತಿರ ಬಂದು ನಿಂತಳು! "ಬಂದೆ, ಹೇಳಮ್ಮ." ನೀವು ಚಿತ್ರದ ಮೇಲೆ ಬೆರಳು ಕುಟ್ಟಿ, "ಬಾರೆ, ಬಾರೆ!" ಅವಳು ಇನ್ನೂ ಹತ್ತಿರ ಬಂದಳು. ನಿಮ್ಮ ಮಡಿಲಲ್ಲಿ ಕೂರುವುದೊಂದು ಬಾಕಿ. ಕೊನೆಗೆ ತಿರುಗಿ ಹೋಗಿ, ಉತ್ತರಕ್ಕೂ ಪ್ರಶ್ನೆಗೂ ಸಂಬಂಧವಿಲ್ಲ ಎಂದು ಬರೆಯಲು ಹೊರಟಳು.

"ಅಯ್ಯೋ ಮಾರಾಯ್ತಿ, ಅವರು ನಿಮ್ಮನ್ನು ಕರೆದದ್ದಲ್ಲ. ತುಳುವಿನಲ್ಲಿ ಬಾಳೆಗಿಡಕ್ಕೆ ಬಾರೆ ಅಂತಲೇ ಹೇಳುವುದು!" ಎಂದೆ ನಾನು. ಅವಳು ಕೆಂಪಾದಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ಸೌಟಿನ ಚಿತ್ರಕ್ಕೆ ನೀವು ಹೇಳಿದ 'ಕೈಲ್' ಅವಳಿಗೆ 'ಕೈಲಿ' ಎಂದು ಕೇಳಿಸಿತ್ತಂತೆ. "ಹಂಗಾದ್ರೆ ಮೊದಲಿಂದ ಮಾಡೋಣ, ನೀವು ಪಕ್ಕದಲ್ಲೇ ಕೂತ್ಕೊಳಿ" ಎಂದಳು. ಈ ಸಲ ಎಷ್ಟೋ ಉತ್ತರ ಸರಿಯಾದವು. ಬಾಗಿಲಲ್ಲಿ ನಿಂತಿದ್ದ ನಿಮ್ಮ ಮಗನಿಗೆ ಅವಳೇ ಹೇಳಿದಳು: "ಅಮ್ಮನಿಗೆ ಮಾತು ಕಮ್ಮಿ ಆಗ್ತಿದೆ ಸರ್, ತಿಳುವಳಿಕೆ ಚೆನ್ನಾಗಿದೆ. ಅವರ ಮಾತನ್ನ ನೀವು ಮುಗಿಸ್ಬೇಡಿ. ಕಾಯಿರಿ."

ಮರುದಿನವೇ ನೀವು ಕ್ಯಾಶಿನ ಕುರ್ಚಿಗೆ ಮರಳಿದಿರಿ, ಸೀರೆ ಸರಿಮಾಡಿಕೊಂಡು, ಗೆದ್ದವರ ಗತ್ತಿನಲ್ಲಿ. ಮೇಜಿನ ಗಾಜಿನಡಿ ಬನ್ಸು, ಚಾ, ಗೋಳಿಬಜೆಯ ಚಿತ್ರ ಇಟ್ಟೆವು. ನೀವು ಬೆರಳು ಇಟ್ಟರೆ ಸಾಕು, ನಾನು ಒಳಗೆ ಕೂಗುತ್ತಿದ್ದೆ. ದಿನಾ ಬರುವವರು ಕಾಯಲು ಕಲಿತರು. ನಿಮ್ಮ ಮಗನಿಗೆ ಮಾತ್ರ ಎಲ್ಲಿಯ ತಾಳ್ಮೆ? "ಚಾ ಅಲ್ವಾ ಅಮ್ಮ? ಚಾ ಅಲ್ವಾ?" ಎಂದು ಅವಸರ ಮಾಡುವುದು, ನೀವು ಕಣ್ಣು ಕೆಂಪು ಮಾಡುವುದು...

ಒಂದು ಸಂಜೆ ಗ್ಯಾಸ್ ಮುಗಿದದ್ದಕ್ಕೆ ಅವರು ನನ್ನ ಮೇಲೆ ರೇಗಿದ್ದು ನೆನಪಿದೆಯೇ? ಆಗ ನಿಮ್ಮಲ್ಲಿ ಉಳಿದಿದ್ದದ್ದು ಒಂದೇ ಮಾತು: "ಒಣಸ್ ಆಂಡಾ?" ಊಟ ಆಯಿತಾ ಎಂದು ಬಂದವರನ್ನೆಲ್ಲ ಕೇಳುತ್ತಿದ್ದಿರಿ, ಬೆಳಗಿನ ಚಾಕ್ಕೆ ಬಂದವರನ್ನೂ. ಆ ಸಂಜೆ ಅದೇ ಮಾತನ್ನು ಮಗನ ಮುಖಕ್ಕೆ ಎಂಥ ಜೋರಿನಲ್ಲಿ ಎಸೆದಿರಿ ಎಂದರೆ, ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಆಯಿತು ಅಮ್ಮ, ಇನ್ನು ಬೈಯುವುದಿಲ್ಲ" ಎಂದರು. ನೀವು ಹೇಳಿದ್ದು ಅವರಿಗೆ ಪೂರ್ತಿ ಅರ್ಥವಾಗಿತ್ತು. ಕೊನೆಯ ಜ್ವರ ಬಂದ ವಾರದವರೆಗೂ ಆ ಕುರ್ಚಿ ನಿಮ್ಮದೇ ಆಗಿತ್ತು, ಮಾಮಿ. ಅದು ನನ್ನ ಹೆಮ್ಮೆ. ನೀವಿಲ್ಲದ ಹೋಟೆಲು ನನಗೆ ಈಗಲೂ ಬೇಸರವೇ.

ಈಗ ಸುದ್ದಿ ಕೇಳಿ. ಪ್ರತಿ ಬುಧವಾರ ಮಧ್ಯಾಹ್ನ, ಹೋಟೆಲು ಖಾಲಿ ಇರುವ ಹೊತ್ತಿಗೆ, ಸಹನಾ ಮಾತು ಸೋಲುತ್ತಿರುವವರನ್ನು ನಮ್ಮಲ್ಲಿಗೆ ಕರೆತರುತ್ತಾಳೆ. ತಮಗೆ ಬೇಕಾದದ್ದನ್ನು ತಾವೇ ಕೇಳಿ ತಿನ್ನಬೇಕು, ಅದೇ ಅಭ್ಯಾಸ. ಚಿತ್ರಗಳಿಗೆ ತುಳು, ಬ್ಯಾರಿ ಭಾಷೆಗಳ ಹೆಸರುಗಳನ್ನೂ ಈಗ ಅವಳು ಕೇಳಿ ಬರೆದುಕೊಂಡಿದ್ದಾಳೆ. ಬೆಳ್ತಂಗಡಿಯಿಂದ ಒಬ್ಬರು ನಿವೃತ್ತ ಟೀಚರ್ ಬರುತ್ತಾರೆ. ನರಿಕೊಂಬಿನಿಂದ ಹಸನಾಕ ಎಂಬ ಹಿರಿಯರು ಬರುತ್ತಾರೆ, ಒಂದು ಕಾಲದಲ್ಲಿ ಬಟ್ಟೆ ಅಂಗಡಿಯಲ್ಲಿ ಮಾತಿನಲ್ಲೇ ಗಿರಾಕಿಗಳನ್ನು ಕಟ್ಟಿಹಾಕುತ್ತಿದ್ದವರು.

ಕಳೆದ ಬುಧವಾರ ಹಸನಾಕನ ಮೇಜಿಗೆ ನಿಮ್ಮ ಮಗನೇ ಹೋದರು. ಹಸನಾಕ ಬಾಯಿ ತೆರೆದರು. ಶಬ್ದ ಬರಲಿಲ್ಲ. ಪಕ್ಕದಲ್ಲಿದ್ದ ಮಗಳು ಹೇಳಲು ಹೊರಟಳು, ನಿಮ್ಮ ಮಗ ಬೇಡವೆಂದು ಸನ್ನೆ ಮಾಡಿದರು. ಕೈಕಟ್ಟಿ ನಿಂತೇ ಇದ್ದರು. ಹಸನಾಕನ ತುಟಿ ಅಲುಗುತ್ತಿತ್ತು, ಅಷ್ಟೆ.

ಆಗ ಬಾಗಿಲಿನಿಂದ ಯಾರೋ ಅವಸರದ ಗಿರಾಕಿ ಕೂಗಿದ: "ಸುಧಾಕರಣ್ಣ, ನನಗೊಂದು ಪಾರ್ಸೆಲ್ ಕಟ್ಟಿ. ಅವರು ಸುಮ್ಮನೆ ಕೂತಿದ್ದಾರಲ್ಲ!"

ನಿಮ್ಮ ಮಗ ತಿರುಗಿಯೂ ನೋಡಲಿಲ್ಲ, ಮಾಮಿ.

"ಸ್ವಲ್ಪ ನಿಲ್ಲಿ ಮಾರಾಯ್ರೆ," ಎಂದರು. "ಅವರು ಮಾತಾಡ್ತಾ ಇದ್ದಾರೆ."

ನಿಮ್ಮ ಸೊಸೆ,
ಶಶಿಕಲಾ